ಸಿಪಾಯಿಯ ಪಕ್ಕದ ಮರಳು

ಪುರಸಭೆಯವರು ಚೌಕದ ಸಿಪಾಯಿಯನ್ನು ಏನು ಮಾಡಬೇಕೆಂದು ಚರ್ಚೆ ಶುರುಮಾಡಿದ ವಸಂತದಲ್ಲೇ ಆ ಸಿಪಾಯಿ ನನ್ನ ಅಮ್ಮನ ಕನಸಿಗೆ ಬರತೊಡಗಿದ. ಮೂರಾಳು ಎತ್ತರದ ಕಾಂಕ್ರೀಟಿನ ಪ್ರತಿಮೆ ಅದು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಾನಂತೆ. ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಒಲೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಾನಂತೆ. ಬೆಂಚು ಕಿರುಗುಟ್ಟುವುದೂ ಇಲ್ಲವಂತೆ.

"ಕೂತು ಏನಂದ?" ಎಂದು ಕೇಳಿದೆ, ಕಾಫಿಗೆ ನೀರಿಡುತ್ತ.

"ಏನೂ ಅನ್ಲಿಲ್ಲ. ಹುಳಿಸೊಪ್ಪಿನ ಸಾರು ಕೊಟ್ಟೆ, ಕುಡಿದ. ಹತ್ತೊಂಬತ್ತು ವರ್ಷ ಇರ್ಬೇಕು ಅಷ್ಟೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ ಪಾಪ."

"ಅವನು ಕಾಂಕ್ರೀಟು ಅಮ್ಮ. ಮೀಸೆ ಎಲ್ಲಿಂದ ಬರುತ್ತೆ?"

"ನಿಂಗೆ ಕನಸೇ ಬೀಳಲ್ಲ. ಅದಕ್ಕೇ ಹೀಗೆ ಮಾತಾಡ್ತೀಯ" ಎಂದಳು ಅಮ್ಮ.

ಅದು ನಿಜ. ಮೂವತ್ತೆಂಟು ವರ್ಷದಿಂದ ನಾನು ನಮ್ಮೂರು ಕಲ್ನುಪೆಯ ಔಷಧಿ ಅಂಗಡಿಯಲ್ಲಿ ನಿಂತಿದ್ದೇನೆ. ಈ ಊರಲ್ಲಿ ಯಾರಿಗೆ ನಿದ್ದೆ ಬರುವುದಿಲ್ಲ, ಯಾರು ಎಷ್ಟು ಮಾತ್ರೆ ನುಂಗಿ ಮಲಗುತ್ತಾರೆ ಎಂಬುದು ಪಾದ್ರಿಗಿಂತ ನನಗೇ ಚೆನ್ನಾಗಿ ಗೊತ್ತು. ನನಗೆ ಮಾತ್ರ ದಿಂಬಿಗೆ ತಲೆ ತಾಗಿದರೆ ಸಾಕು, ಗೊರಕೆ. ಕನಸೆಂಬುದು ಬೇರೆಯವರಿಗೆ ಬೀಳುವ ಸಂಗತಿ ಎಂದುಕೊಂಡಿದ್ದೆ.

ಸಿಪಾಯಿಯನ್ನು ಕಿತ್ತುಹಾಕಿ ಎಂದು ಊರವರು ಬರೆದ ಅರ್ಜಿಗೆ ಮೊದಲ ಸಹಿ ನನ್ನದೇ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಅಮ್ಮನಿಗೂ ಹೇಳಿದ್ದೆ. ಅವಳು ಕೇಳಿಸಿಕೊಂಡು ಆಲೂಗಡ್ಡೆಯ ಸಿಪ್ಪೆ ಸುಲಿಯುವುದನ್ನು ಮುಂದುವರಿಸಿದ್ದಳು.

ನನ್ನ ಸಿಟ್ಟಿಗೆ ಕಾರಣವಿತ್ತು. ಯುದ್ಧ ಮುಗಿದು ಮೂವತ್ತು ವರ್ಷವಾಯಿತೆಂದು ಆಗ ನಮ್ಮನ್ನು ಆಳುತ್ತಿದ್ದ ರಷ್ಯನ್ನರು ತಮ್ಮ ಸೇನೆಯ ಆ ಪ್ರತಿಮೆಯನ್ನು ತಂದು ನಮ್ಮ ಸಂತೆ ಚೌಕದಲ್ಲಿ ನಿಲ್ಲಿಸಿದರು. ಹಳೆಯ ಬಾವಿ ಮುಚ್ಚಿದರು. ಮೂರು ಲಿಂಡೆನ್ ಮರಗಳನ್ನು ಮಾತ್ರ ಉಳಿಸಿದರು. ಸಿಪಾಯಿಯ ಸುತ್ತ ಗುಡಿಸಿ ಒಪ್ಪವಾಗಿಡಲು ಒಬ್ಬರು ಬೇಕಿತ್ತು. ಊರಲ್ಲಿ ಯಾರೂ ಆ ಕೆಲಸಕ್ಕೆ ಕೈ ಹಾಕಲಿಲ್ಲ. ನಾರುಬಟ್ಟೆಯ ಗಿರಣಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ ನನ್ನ ಅಮ್ಮ ಎಲ್ವೀರಾ ಅದನ್ನು ಬಿಟ್ಟು, ತಾನಾಗಿ ಹೋಗಿ, ಈ ಕೆಲಸ ನನಗೆ ಕೊಡಿ ಎಂದು ಕೇಳಿದಳು. ಸುತ್ತಲೂ ಕೆಂಪು ಜಲ್ಲಿ ಹಾಕುವ ಯೋಜನೆಯಿತ್ತು. ಜಲ್ಲಿ ಬೇಡ, ನದಿಯ ಬಿಳಿ ಮರಳು ಹಾಕಿಸಿ ಎಂದು ಹಟ ಹಿಡಿದು ಹಾಕಿಸಿದಳು.

ನಮ್ಮ ಕಡೆ ಸ್ಮಶಾನದಲ್ಲಿ ಸಮಾಧಿಗಳ ಸುತ್ತ ಮರಳು ಹಾಸಿರುತ್ತೇವೆ. ಶನಿವಾರ ಹೆಂಗಸರು ಮರದ ಹಲ್ಲುಕುಂಟೆ ಹಿಡಿದು ಹೋಗಿ ಆ ಮರಳಿನ ಮೇಲೆ ಗೀರು ಎಳೆಯುತ್ತಾರೆ. ಎಡಕ್ಕೊಂದು ಬಲಕ್ಕೊಂದು, ಫರ್ ಮರದ ಕೊಂಬೆಯ ಹಾಗೆ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಎಳೆಯಬೇಕು. ಮುಗಿಸಿ ಹೊರಗೆ ಬಂದಾಗ ನಮ್ಮದೇ ಹೆಜ್ಜೆಗುರುತೂ ಉಳಿದಿರಬಾರದು. ಅಮ್ಮ ಆ ಗೀರನ್ನೇ ಚೌಕಕ್ಕೆ ತಂದಳು. ಪ್ರತಿ ಶನಿವಾರ ಬೆಳಿಗ್ಗೆ ಸಿಪಾಯಿಯ ಸುತ್ತ ಅದೇ ಕೊಂಬೆ, ಅದೇ ಹಿಂದಡಿ. ಊರವರ ಹೊಟ್ಟೆ ಉರಿದದ್ದೇ ಅದಕ್ಕೆ. ಸತ್ತ ನಮ್ಮವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಇವಳು ಅವರ ಬೂಟಿನ ಕೆಳಗೆ ಹಾಸುತ್ತಾಳಲ್ಲ ಎಂದರು. ಸಿಪಾಯಿಯ ಹೆಂಡತಿ ಎಂದು ಹೆಸರಿಟ್ಟರು. ಹದಿನಾಲ್ಕರ ನನ್ನ ಶಾಲೆಯ ಮೇಜಿನ ಮೇಲೆ ‘ಸಿಪಾಯಿಯ ಮಗಳು’ ಎಂದು ಸೀಮೆಸುಣ್ಣದಲ್ಲಿ ಬರೆದರು. ಅಪ್ಪ ತೀರಿಕೊಂಡು ಎರಡು ವರ್ಷವೂ ಆಗಿರಲಿಲ್ಲ.

ಆಮೇಲೆ ಆ ಸರ್ಕಾರ ಹೋಯಿತು. ಬಾವುಟ ಬದಲಾಯಿತು, ಸಂಬಳ ನಿಂತಿತು. ಅಮ್ಮ ಮಾತ್ರ ನಿಲ್ಲಲಿಲ್ಲ. ಹೆಗಲ ಮೇಲೆ ಕುಂಟೆ ಹೊತ್ತು ಶನಿವಾರ ಶನಿವಾರ ಹೋದಳು. ನಾನಂತೂ ಮೇಜಿನ ಮೇಲೆ ಬರೆದ ದಿನವೇ ಚೌಕ ದಾಟುವುದನ್ನು ಬಿಟ್ಟಿದ್ದೆ. ಮೊದಲು ಶಾಲೆಗೆ, ಆಮೇಲೆ ಅಂಗಡಿಗೆ ನದಿ ದಂಡೆಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದೆ. ಕಾಲು ಗಂಟೆ ಹೆಚ್ಚು ನಡಿಗೆ, ನಲವತ್ತೇಳು ವರ್ಷ.

ಪುರಸಭೆಯ ಅಧ್ಯಕ್ಷ ಐವಾರ್ಸ್ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯವನು. ಕಿತ್ತರೆ ಅರ್ಧ ಊರು ಬೈಯುತ್ತದೆ, ಬಿಟ್ಟರೆ ಇನ್ನರ್ಧ. ಆದ್ದರಿಂದ ರಾಜಧಾನಿ ರೀಗಾದಿಂದ ಊನಾ ಎಂಬ ಶಿಲ್ಪಿಯನ್ನು ಕರೆಸಿದ. ಪ್ರತಿಮೆಯನ್ನು ಉಳಿಸಿಯೂ ಅದರ ಅರ್ಥ ಬದಲಾಗುವ ಹಾಗೆ ಏನಾದರೂ ಮಾಡಲು ಸಾಧ್ಯವೇ ನೋಡು ಎಂದ. ಮೂವತ್ತರ ಹುಡುಗಿ, ಗಂಡಸರ ಬೂಟು, ಬೆರಳ ತುಂಬ ಜೇಡಿ. ಮೇ ತಿಂಗಳ ಕೊನೆಗೆ ಸಭಾಭವನದಲ್ಲಿ ಊರು ಸೇರಿತು. ಊನಾ ಪರದೆಯ ಮೇಲೆ ಮೂರು ಚಿತ್ರ ತೋರಿಸಿದಳು. ಒಂದರಲ್ಲಿ ಸಿಪಾಯಿಗೆ ಮೈತುಂಬ ಕನ್ನಡಿ, ಇನ್ನೊಂದರಲ್ಲಿ ಮೈತುಂಬ ಪಾಚಿ, ಮತ್ತೊಂದರಲ್ಲಿ ಕುತ್ತಿಗೆಯವರೆಗೆ ಮಣ್ಣು.

"ಕನ್ನಡಿ ಹಾಕಿದ್ರೆ ಮೂರು ದಿನಕ್ಕೆ ಕಲ್ಲು ಬೀಳುತ್ತೆ" ಎಂದ ಹಿಂದಿನಿಂದ ಒಬ್ಬ.

"ಪಾಚಿ ಬೆಳೆಸಕ್ಕೆ ನಿಮ್ಮನ್ನ ಕರೆಸ್ಬೇಕಿತ್ತಾ? ನಮ್ಮನೆ ಚಾವಣಿ ನೋಡಿ ಬನ್ನಿ" ಎಂದಳು ಬೇಕರಿಯವಳು. ಎಲ್ಲರೂ ನಕ್ಕರು. ಊನಾ ಕೂಡ ನಕ್ಕಳು. ಅದಕ್ಕೇ ನನಗೆ ಅವಳು ಹಿಡಿಸಿದಳು.

ಕೊನೆಯ ಸಾಲಿನಲ್ಲಿ ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊನಾ ಅವಳನ್ನೇ ನೋಡಿ ಕೇಳಿದಳು: "ಅಜ್ಜಿ, ನೀವು ದಿನಾ ನೋಡೋರು. ನೀವೇನಂತೀರಿ?"

"ಮಲಗ್ಸಿ ಅವನ್ನ" ಎಂದಳು ಅಮ್ಮ. "ನಿಂತು ನಿಂತು ಅವನಿಗೂ ಸಾಕಾಗಿದೆ. ಆದ್ರೆ ಮರಳು ತೆಗೀಬೇಡಿ."

ಮತ್ತೆ ನಗು. ನಾನು ನೆಲ ನೋಡಿದೆ. ಐವಾರ್ಸ್ ಸಮಾಧಾನದ ದನಿಯಲ್ಲಿ, "ಎಲ್ವೀರಾ ಅವರೇ, ಸಿಪಾಯಿ ಏನೇ ಆಗ್ಲಿ, ಆ ಮರಳು ಅಂತೂ ಹೋಗುತ್ತೆ. ಗ್ರಾನೈಟ್ ಹಾಸ್ತೀವಿ. ಮೂರನೇ ಮರದ ಹತ್ರ ಕಾರಂಜಿ ಬರುತ್ತೆ. ಬುನಾದಿ ತೋಡೋ ಯಂತ್ರಾನೂ ಗೊತ್ತು ಮಾಡಿದ್ದೀವಿ" ಎಂದ.

"ಅಲ್ಲಿ ಕಾರಂಜಿ ಬೇಡ."

"ಯಾಕೆ ಅಂತ ಹೇಳಿ. ಬರ್ಕೊಳ್ತೀವಿ."

ಅಮ್ಮ ಬಾಯಿ ತೆರೆದಳು. ಬರೆದುಕೊಳ್ಳಲು ಪೆನ್ನು ಎತ್ತಿದ ಗುಮಾಸ್ತೆಯ ಕಡೆ ನೋಡಿದಳು. ಬಾಯಿ ಮುಚ್ಚಿದಳು. ಕೈಚೀಲದ ಕೊಂಡಿ ಹಾಕಿ ಎದ್ದು ಹೋದಳು.

ಜೂನ್ ಬಂತು. ನಮ್ಮಲ್ಲಿ ಜೂನಿನಲ್ಲಿ ಕತ್ತಲು ಸರಿಯಾಗಿ ಆಗುವುದೇ ಇಲ್ಲ. ಸಂಜೆ ಹಾಗೇ ತೆಳ್ಳಗಾಗುತ್ತ ಹೋಗಿ ಬೆಳಗಾಗಿಬಿಡುತ್ತದೆ. ಜನ ಅರ್ಧ ನಿದ್ದೆಯಲ್ಲೇ ಓಡಾಡುತ್ತಾರೆ. ಅಮ್ಮನ ಕನಸುಗಳು ಹೆಚ್ಚಾದವು. ಸಿಪಾಯಿ ಈಗ ಮಾತಾಡುತ್ತಿದ್ದನಂತೆ. ತಾನು ಯಾವ ಊರಿನವನು, ಇಲ್ಲಿಗೆ ಹೇಗೆ ಬಂದೆ ಎಂಬುದು ಅವನಿಗೇ ಮರೆತುಹೋಗಿದೆಯಂತೆ. ‘ಅಜ್ಜಿ, ಎಡಗಾಲು ಸ್ವಲ್ಪ ಸರಿಸಿಕೊಡಿ, ಯಾರೋ ಇದ್ದಾರೆ ಅಲ್ಲಿ’ ಎಂದು ಒಂದೇ ಸಮನೆ ಕೇಳುತ್ತಾನಂತೆ. ನಾನು ಅಮ್ಮನ ರಕ್ತದೊತ್ತಡದ ಮಾತ್ರೆ ಬದಲಾಯಿಸಿದೆ.

ಆ ತಿಂಗಳ ಮೂರನೇ ಶನಿವಾರ ಮಧ್ಯಾಹ್ನ ಊನಾ ಅಂಗಡಿಗೆ ಬಂದಳು. ಚೌಕದ ಚಿತ್ರ ಬರೆಯಲು ಅಗ್ನಿಶಾಮಕದವರ ಗೋಪುರ ಹತ್ತುತ್ತಿದ್ದಳಂತೆ. ಅಲ್ಲಿಂದ ತೆಗೆದ ಮೂರು ಫೋಟೊಗಳನ್ನು ನನ್ನ ಮುಂದೆ ಹರಡಿದಳು.

"ಅಕ್ಕ, ನೀವು ಅವರ ಮಗಳಲ್ವಾ? ಇದೇನು ಅಂತ ಹೇಳ್ತೀರಾ?"

ಮೇಲಿನಿಂದ ಚೌಕ ಎಷ್ಟು ಚಿಕ್ಕದಾಗಿ ಕಾಣುತ್ತದೆ! ನಡುವೆ ಸಿಪಾಯಿಯ ಹೆಲ್ಮೆಟ್ಟು. ಸುತ್ತ ಬಿಳಿ ಮರಳು, ಅದರ ತುಂಬ ಅಮ್ಮನ ಗೀರುಗಳು, ಒಂದೇ ಅಳತೆ, ಒಂದೇ ಓರೆ. ಆದರೆ ಸಿಪಾಯಿಯ ಎಡಗಾಲಿನಿಂದ ಮೂರನೇ ಮರದ ಕಡೆಗೆ ಒಂದು ಕಡೆ ಗೀರುಗಳು ಕವಲೊಡೆದು ಎರಡಾಗಿದ್ದವು. ನಡುವೆ ಆಳುದ್ದದ ಜಾಗವನ್ನು ಖಾಲಿ ಬಿಟ್ಟು, ಅದನ್ನು ಬಳಸಿಕೊಂಡು ಹೋಗಿ, ಆಚೆ ಮತ್ತೆ ಕೂಡಿದ್ದವು.

"ಮೊದ್ಲು ಕೈ ತಪ್ಪಿದೆ ಅಂದ್ಕೊಂಡೆ" ಎಂದಳು ಊನಾ. "ಮೂರು ವಾರ ಹತ್ತಿ ನೋಡ್ದೆ. ಮೂರ್ಸಲವೂ ಅದೇ ಜಾಗ, ಅದೇ ಅಳತೆ. ಕೆಳಗೆ ನಿಂತ್ರೆ ಗೊತ್ತೇ ಆಗಲ್ಲ."

ನನಗೆ ಗೊತ್ತಾಯಿತು. ನಮ್ಮ ಸ್ಮಶಾನದಲ್ಲಿ ಅಪ್ಪನ ಸಮಾಧಿಯ ಸುತ್ತ ನಾನೂ ಹೀಗೇ ಎಳೆಯುತ್ತೇನೆ. ದಿಬ್ಬದ ಮೇಲೆ ಯಾರೂ ಕುಂಟೆ ಆಡಿಸುವುದಿಲ್ಲ, ಅದನ್ನು ಬಳಸಿಕೊಂಡು ಹೋಗುತ್ತೇವೆ. ಚೌಕದಲ್ಲಿ ದಿಬ್ಬವೊಂದು ಇರಲಿಲ್ಲ, ಅಷ್ಟೆ. ಒಂದು ಫೋಟೊ ಎತ್ತಿಕೊಂಡೆ. ಅಂಗಡಿಗೆ ಬೀಗ ಹಾಕಿ ಊನಾಳನ್ನು ಬಾಗಿಲ ಹೊರಗೇ ಬಿಟ್ಟು ಹೊರಟೆ.

ಕಾಲು ಅಭ್ಯಾಸಬಲದಿಂದ ನದಿಯ ಕಡೆಗೆ ತಿರುಗಿತು. ತಡೆದು ಚೌಕದ ಕಡೆ ನಡೆಸಿದೆ. ಲಿಂಡೆನ್ ಹೂ ಬಿಟ್ಟಿತ್ತು. ಆ ಜೇನಿನ ವಾಸನೆಗೆ ತಲೆ ತೂಗುವಂತಾಗುತ್ತದೆ. ಬೆಂಚಿನ ಮೇಲೆ ಕ್ಲಾವಾ ಚಿಕ್ಕಮ್ಮ ಕೂತಿದ್ದಳು. ನಮ್ಮ ಬೀದಿಯ ರಷ್ಯನ್ ಮುದುಕಿ, ಗಂಡನ ಜೊತೆ ಹುಡುಗಿಯಾಗಿ ಇಲ್ಲಿಗೆ ಬಂದವಳು. ಅವಳ ಅಪ್ಪ ಯುದ್ಧದಲ್ಲಿ ಎಲ್ಲೋ ಸತ್ತ, ಎಲ್ಲೆಂದು ಅವಳಿಗೆ ಕಾಗದವೂ ಬರಲಿಲ್ಲ. ಅವರು ಯುದ್ಧ ಗೆದ್ದ ದಿನವೆಂದು ಪ್ರತಿ ಮೇ ಒಂಬತ್ತಕ್ಕೆ ಈ ಸಿಪಾಯಿಗೇ ಕೆಂಪು ಹೂ ತಂದಿಡುತ್ತಾಳೆ. ಅವಳ ಮೇಲೂ ನನಗೆ ಸಿಟ್ಟಿತ್ತು.

"ಏನಮ್ಮ ರಸ್ಮಾ, ದಾರಿ ತಪ್ಪಿದ್ಯಾ?" ಎಂದಳು.

ನಾನು ಮರಳನ್ನೇ ನೋಡುತ್ತಿದ್ದೆ. ಹತ್ತಿರ ನಿಂತರೆ ಏನೂ ಕಾಣುವುದಿಲ್ಲ, ಬರೀ ಗೀರು. ಖಾಲಿ ಇದ್ದ ಕಡೆ ಬಾಡಿದ ಎರಡು ಕಾರ್ನೇಶನ್ ಹೂ ಬಿದ್ದಿದ್ದವು.

"ಆರು ತರ್ತೀನಿ" ಎಂದಳು ಕ್ಲಾವಾ ಚಿಕ್ಕಮ್ಮ, ನಾನು ಕೇಳದೇ. "ನಾಲ್ಕು ಸಿಪಾಯಿಗೆ, ಎರಡು ಅಲ್ಲಿಗೆ. ಸತ್ತೋರಿಗೆ ಜೋಡಿ ಲೆಕ್ಕ ಅಲ್ವಾ, ನಿಮ್ಮಲ್ಲೂ ನಮ್ಮಲ್ಲೂ."

"ಅಲ್ಲಿ ಯಾರು ಸತ್ತೋರು ಚಿಕ್ಕಮ್ಮ?"

"ನಂಗೇನು ಗೊತ್ತು? ನಿಮ್ಮಮ್ಮ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಒಬ್ಬ ಹೆಂಗಸು ಹಿಂದೆ ಹಿಂದೆ ನಡ್ಕೊಂಡು, ಆ ಜಾಗ ಒಂದನ್ನ ಮೆಟ್ಟದೇ ಬಿಡ್ತಾಳೆ ಅಂದ್ರೆ ಯಾರೋ ಇದ್ದಾರೆ ಅಂತ ತಾನೇ? ಕಣ್ಣಿದ್ದೋರಿಗೆ ಕಾಣುತ್ತೆ."

ನನಗೂ ಎರಡು ಕಣ್ಣಿದ್ದವು. ನಲವತ್ತೇಳು ವರ್ಷ ನದಿಯನ್ನು ನೋಡಿಕೊಂಡು ಓಡಾಡಿದ್ದೆ. ಆ ಹೊತ್ತಿನಷ್ಟು ನಾಚಿಕೆ ನನಗೆ ಶಾಲೆಯ ಮೇಜಿನ ಮುಂದೆಯೂ ಆಗಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಮೆಟ್ಟಿಲ ಮೇಲೆ ಕೂತು ಲಿಂಡೆನ್ ಹೂವನ್ನು ಒಣಗಲು ಬಟ್ಟೆಯ ಮೇಲೆ ಹರಡುತ್ತಿದ್ದಳು. ಫೋಟೊವನ್ನು ಅವಳ ಪಕ್ಕದಲ್ಲಿಟ್ಟೆ. ಬಹಳ ಹೊತ್ತು ನೋಡಿದಳು. ಮೇಲಿನಿಂದ ಅವಳೂ ಎಂದೂ ನೋಡಿರಲಿಲ್ಲ.

"ಚೆನ್ನಾಗಿ ಬಂದಿದೆ" ಎಂದಳು.

"ಯಾರಮ್ಮ ಅದು?"

ಅಮ್ಮ ಬೀದಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಎದ್ದು ಒಳಗೆ ಹೋಗಿ ಅಡುಗೆಮನೆಯ ಕಿಟಕಿ ಹಾಕಿದಳು. ಆಮೇಲೆ ಒಲೆಯ ಪಕ್ಕದ ಬೆಂಚಿನ ಮೇಲೆ, ಸಿಪಾಯಿ ಕೂರುವ ಜಾಗದಲ್ಲಿ ಕೂತು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳತೊಡಗಿದಳು.

"ಯುದ್ಧ ಮುಗಿದ ಮಾರನೇ ವರ್ಷ. ಒಂಬತ್ತು ವರ್ಷ ನಂಗೆ. ಅಪ್ಪ ಕಾಡಿಗೆ ಹೋಗಿ ಒಂದು ಚಳಿಗಾಲ ಕಳೆದಿತ್ತು. ಈ ಸಿಪಾಯಿಯ ಕಡೆಯವ್ರ ಕೈಗೆ ಸಿಗಬಾರ್ದು ಅಂತ ತುಂಬ ಜನ ಹೋಗಿದ್ರಲ್ಲ, ಹಂಗೆ. ಏಪ್ರಿಲ್‌ನಲ್ಲಿ ಒಂದು ಸಂತೆ ದಿನ ಕಾಡಲ್ಲಿದ್ದೋರನ್ನ ಕೊಂದು ಮೂರು ಹೆಣ ತಂದು ಚೌಕದಲ್ಲಿ ಸಾಲಾಗಿ ಮಲಗಿಸಿದ್ರು. ಪಹರೆಯವ್ರು ಹೆಣ ನೋಡ್ತಿರ್ಲಿಲ್ಲ ಕಣೇ. ದಾಟಿ ಹೋಗೋರ ಮುಖ ನೋಡ್ತಿದ್ರು. ಯಾರು ನಿಂತ್ರು, ಯಾರು ಅತ್ರು, ಅಷ್ಟೇ. ಅವರ ಇಡೀ ಮನೆಯವ್ರನ್ನ ಸೈಬೀರಿಯಾಕ್ಕೆ ಸಾಗಿಸ್ತಿದ್ರು."

"ಸಂತೆಗೆ ಹೋಗದೇ ಇರ್ಬಹುದಿತ್ತಲ್ಲ?"

"ಹೋಗದೇ ಇದ್ದೋರ ಮೇಲೂ ಅನುಮಾನ. ಅಮ್ಮ ನನ್ನ ಕೈ ಹಿಡ್ಕೊಂಡು, ‘ನೆಲ ನೋಡ್ಕೊಂಡು ನಡಿ. ನಿಲ್ಬೇಡ. ಅಳ್ಬೇಡ’ ಅಂದ್ಳು. ನೆಲ ನೋಡ್ಕೊಂಡೇ ನಡೆದೆ. ಅದಕ್ಕೇ ಮುಖ ಕಾಣ್ಲಿಲ್ಲ. ಬೂಟಿನ ಅಟ್ಟೆ ಕಾಣ್ತು. ಎಡ ಹಿಮ್ಮಡೀಲಿ ಅರ್ಧಚಂದ್ರದ ಕಬ್ಬಿಣ. ಅಪ್ಪ ಎಡಗಾಲು ಎಳೀತಿದ್ದ, ಅಟ್ಟೆ ಬೇಗ ಸವೀತಿತ್ತು. ಮುರಿದ ಕುಡುಗೋಲಿಂದ ತುಂಡು ಮಾಡಿ ಹೊಡ್ಕೊಂಡಿದ್ದ. ಐದು ಮೊಳೆ. ನಾಲ್ಕು ಅವನೇ ಹೊಡೆದ, ಐದನೇದು ನಂಗೆ ಹೊಡೆಯಕ್ಕೆ ಕೊಟ್ಟ. ಸೊಟ್ಟಗಾಯ್ತು. ಇರ್ಲಿ ಬಿಡು, ನನ್ನ ಬೂಟು ಅಂತ ಗುರುತು ಸಿಗುತ್ತೆ ಅಂತ ನಕ್ಕಿದ್ದ."

ಅಮ್ಮ ಅಂಗೈಯನ್ನು ಮಂಡಿಗೆ ಉಜ್ಜಿದಳು.

"ನಡೆದುಬಿಟ್ಟೆ ರಸ್ಮಾ. ಹಂಗೇ ನಡೆದುಬಿಟ್ಟೆ. ಮುಂದೆ ಹೋಗಿ ಬ್ರೆಡ್ ತಗೊಂಡ್ವಿ."

ಮೂರನೇ ದಿನ ಅವರು ಅಲ್ಲೇ ಹಳ್ಳ ತೋಡಿ ಮುಚ್ಚಿದ್ದನ್ನು ಅಮ್ಮ ಶಾಲೆಯ ಕಿಟಕಿಯಿಂದ ನೋಡಿದಳು. ಮೂರನೇ ಮರದಿಂದ ತನ್ನ ಹೆಜ್ಜೆಯಲ್ಲಿ ಹನ್ನೊಂದು. ಆಮೇಲೆ ಅಲ್ಲಿ ಸಂತೆಯ ಗಾಡಿಗಳು ನಿಂತವು, ಕುದುರೆಗಳು ಉಚ್ಚೆ ಹೊಯ್ದವು, ಸಿಪಾಯಿ ಬಂದ. ಅಜ್ಜಿ ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಅಜ್ಜ ಯುದ್ಧದಲ್ಲಿ ಕಾಣೆಯಾದರು ಎಂದೇ ನಾನು ಕೇಳಿ ಬೆಳೆದೆ. ಕಾಣೆಯಾದ ಅಜ್ಜ ಇಲ್ಲದ ಮನೆ ನಮ್ಮ ಊರಲ್ಲಿ ಯಾವುದಿತ್ತು?

"ನಂಗಾದ್ರೂ ಹೇಳ್ಬಹುದಿತ್ತಲ್ಲಮ್ಮ."

"ಹೇಳಿದ್ರೆ ನೀನು ದಾಟೋವಾಗ ನಿಂತುಬಿಡ್ತಿದ್ದೆ. ನಿನ್ನ ಮುಖದಲ್ಲಿ ಎಲ್ಲಾ ಕಾಣುತ್ತೆ. ನೀನು ನದಿ ಕಡೆಯಿಂದ ಹೋಗಕ್ಕೆ ಶುರು ಮಾಡ್ದಾಗ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ?"

"ಅವರು ಹೋಗಿ ಮೂವತ್ತು ವರ್ಷ ಆಯ್ತು."

"ಹೌದು. ಎಷ್ಟೋ ಸಲ ಹೇಳೋಣ ಅಂತ ಬಾಯಿ ತೆಗೆದೆ. ಬರ್ಲಿಲ್ಲ. ಅಪ್ಪನ್ನ ಸ್ಮಶಾನಕ್ಕೆ ತಗೊಂಡ್ಹೋಗಿ ಅಮ್ಮನ ಪಕ್ಕ ಮಲಗಿಸ್ಬೇಕು ಅಂತ ಒಂದೇ ಆಸೆ. ಯಂತ್ರ ಬಂದು ತೋಡಿ ಲಾರಿಗೆ ಹಾಕಿಬಿಟ್ರೆ ಏನೇ ಮಾಡ್ಲಿ?"

ಆ ದಿನ ಮಲಗಿದಾಗ ನನಗೂ ಕನಸು ಬಿತ್ತು. ಅಂಗಡಿಯ ಬಾಗಿಲಲ್ಲಿ ಸಿಪಾಯಿ ನಿಂತಿದ್ದ. ಭುಜದ ಮೇಲೆ ಹಕ್ಕಿಯ ಹಿಕ್ಕೆ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಮಲಗಲು ಏನಾದರೂ ಕೊಡಿ ಎಂದ. ನಾನು ಕಪಾಟು ತೆಗೆದರೆ ಡಬ್ಬಿಗಳಲ್ಲೆಲ್ಲ ಬಿಳಿ ಮರಳು. ಮಲಗಿದರೆ ನನ್ನ ಕಾಲ ಕೆಳಗಿನವರಿಗೂ ಹಗುರವಾಗುತ್ತದೆ ಎಂದ. ಅವನ ಮೇಲಿನ್ನೂ ನನಗೆ ಕೋಪವಿತ್ತು. ಆದರೂ ಕೈಹಿಡಿದು ಕೂರಿಸಿದೆ. ಕೈ ಬೆಚ್ಚಗಿತ್ತು.

ಮರುದಿನವೇ ಊನಾಳನ್ನು ಕರೆದುಕೊಂಡು ಐವಾರ್ಸ್ ಬಳಿ ಹೋದೆ. ಎಲ್ಲ ಹೇಳಿದೆ. ಅವನು ಫೋಟೊವನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆ ಕೆರೆದುಕೊಂಡ.

"ಗೀರು ನೋಡ್ಕೊಂಡು ಚೌಕ ತೋಡಿ ಅಂತೀರಾ ರಸ್ಮಾ ಅವರೇ?"

"ಯಂತ್ರದಲ್ಲಿ ತೋಡಕ್ಕೆ ಒಪ್ಪಿದ್ದಿರಲ್ಲ, ಕೈಯಲ್ಲಿ ತೋಡಿ ಅಂತೀನಿ. ಏನೂ ಸಿಗ್ಲಿಲ್ಲ ಅಂದ್ರೆ ನಿಮ್ಮ ಕಾರಂಜಿ ಕಟ್ಕೊಳ್ಳಿ."

ಊನಾ ತನ್ನ ಮೂರೂ ಚಿತ್ರಗಳನ್ನು ಹರಿದುಹಾಕಿದ್ದಳು. ಹೊಸ ಹಾಳೆಯಲ್ಲಿ ಪೀಠವಿರಲಿಲ್ಲ. ಮರಗಳ ಕೆಳಗಿನ ಹುಲ್ಲಿನಲ್ಲಿ ಸಿಪಾಯಿ ಮಗ್ಗುಲಾಗಿ ಮಲಗಿದ್ದ. ಪಕ್ಕದಲ್ಲಿ ಮರಳು, ಮರಳಿನ ಮೇಲೆ ಗೀರು, ಅಷ್ಟೆ. ಇದು ನನ್ನ ಯೋಚನೆಯಲ್ಲ, ಎಲ್ವೀರಾ ಅಜ್ಜಿಯದು ಎಂದು ಕೆಳಗೆ ಬರೆದಿದ್ದಳು. ಪುರಸಭೆಯಲ್ಲಿ ಎರಡು ಗಂಟೆ ಕೂಗಾಟವಾಗಿ, ಆ ಚಿತ್ರವೂ ಕೈಯಲ್ಲಿ ತೋಡುವ ಮಾತೂ ಒಂದು ಮತದಿಂದ ಗೆದ್ದವು.

ಆಗಸ್ಟಿನಲ್ಲಿ ಕ್ರೇನ್ ಬಂತು. ಚಪ್ಪಾಳೆ ತಟ್ಟಲು ಕೆಲವರು, ಶಪಿಸಲು ಕೆಲವರು ಬಂದಿದ್ದರು. ಸಿಪಾಯಿ ಪಟ್ಟಿಗಳಲ್ಲಿ ತೂಗುತ್ತ ಮೇಲೆದ್ದಾಗ ಎರಡೂ ಕಡೆಯವರು ಕತ್ತೆತ್ತಿ ನೋಡಿದರು. ಹುಲ್ಲಿನ ಮೇಲೆ ಅವನನ್ನು ಮಲಗಿಸಿದರು. ನಿಂತಿದ್ದಾಗ ಊರನ್ನೆಲ್ಲ ಕಾಯುವ ಹಾಗೆ ಕಾಣುತ್ತಿದ್ದ ಮುಖ, ಕೆನ್ನೆ ನೆಲಕ್ಕೆ ತಾಗಿದ ಮೇಲೆ ಬರೀ ದಣಿದ ಹುಡುಗನ ಮುಖವಾಯಿತು. ಕ್ಲಾವಾ ಚಿಕ್ಕಮ್ಮ ಹೋಗಿ ಅವನ ತಲೆಯ ಬಳಿ ಕೂತಳು.

"ಮೀಸೆ ಇಲ್ಲ ನೋಡು ಇವನಿಗೆ. ಇಷ್ಟು ದಿನ ಕಾಣ್ತಾನೇ ಇರ್ಲಿಲ್ಲ" ಎಂದಳು.

"ನಾನು ಹೇಳ್ಲಿಲ್ವಾ?" ಎಂದು ಅಮ್ಮ ನನ್ನ ಕಡೆ ತಿರುಗಿದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಯುದ್ಧಕಾಲದ ಮೂಳೆಗಳನ್ನು ಹುಡುಕಿ ತೆಗೆಯುವ ಸ್ವಯಂಸೇವಕರು ಬಂದರು. ಸನಿಕೆ, ಕುಂಚ, ಜರಡಿ. ಅಮ್ಮ ಬಿಟ್ಟ ಖಾಲಿ ಜಾಗದ ಸುತ್ತ ದಾರ ಕಟ್ಟಿದರು. ಸೊಂಟದಾಳಕ್ಕೆ ಹೋದಾಗ ಒಬ್ಬ ಕೈ ಎತ್ತಿದ. ಮೂವರು. ಒಬ್ಬರ ತಲೆಯ ಪಕ್ಕ ಇನ್ನೊಬ್ಬರ ಕಾಲು ಬರುವ ಹಾಗೆ ಒತ್ತಿ ಮಲಗಿಸಿದ್ದರು. ಅಂಗಿಯ ಗುಂಡಿಗಳಿಲ್ಲ, ಉಂಗುರಗಳಿಲ್ಲ, ಕಾಗದವಂತೂ ಇಲ್ಲ.

ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಹೆಂಗಸು ನನಗೆ ಮೊದಲೇ ವಿವರಿಸಿದ್ದಳು. ನಮ್ಮವರು ಎಂದು ಮನೆಯವರು ಯಾರಾದರೂ ಮುಂದೆ ಬಂದು ಹೇಳಿ ಸಹಿ ಹಾಕಿದರೆ ಮಾತ್ರ ರಕ್ತಸಂಬಂಧದ ಪರೀಕ್ಷೆ, ಆಮೇಲೆ ಹೆಸರು, ನಮ್ಮ ಸ್ಮಶಾನ. ಯಾರೂ ಹೇಳದಿದ್ದರೆ ಗುರುತಿಲ್ಲದವರೆಂದು ದೂರದ ಸಾಮೂಹಿಕ ಸ್ಮಶಾನಕ್ಕೆ ಹೋಗುತ್ತಾರೆ. ಅಮ್ಮನಿಗೂ ಇದನ್ನು ಹತ್ತು ಸಲ ಹೇಳಿದ್ದೆ. ಹತ್ತು ಸಲವೂ ಹೂಂ ಎಂದು ತಲೆಯಾಡಿಸಿದ್ದಳು. ಆ ಬೆಳಿಗ್ಗೆ ಒಳ್ಳೆಯ ಕೋಟು ಹಾಕಿಕೊಂಡು, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಬಂದಿದ್ದಳು.

ಹುಡುಕುವವನು ಒಂದು ತುಂಡನ್ನು ಕುಂಚದಿಂದ ಉಜ್ಜಿ, ಬಿಳಿ ಬಟ್ಟೆಯ ಮೇಲಿಟ್ಟು ತಂದ. ತುಕ್ಕು ಹಿಡಿದ ಅರ್ಧಚಂದ್ರ. ಅದರಲ್ಲಿ ಐದು ಮೊಳೆ. ಒಂದು ಸೊಟ್ಟಗೆ ಬಾಗಿ ಪಕ್ಕಕ್ಕೆ ಮಲಗಿತ್ತು.

ಸುತ್ತ ಊರೇ ನಿಂತಿತ್ತು. ಬೇಕರಿಯವಳು, ಐವಾರ್ಸ್, ನನ್ನ ಜೊತೆ ಓದಿದವರು, ಅವರ ಮೊಮ್ಮಕ್ಕಳು. ಎಲ್ಲರೂ ಅಮ್ಮನ ಮುಖವನ್ನೇ ನೋಡುತ್ತಿದ್ದರು.

"ಅಮ್ಮಾ, ನಿಮಗೆ ಇದರ ಗುರುತು ಸಿಗುತ್ತಾ?" ಎಂದು ಅಧಿಕಾರಿ ಮೃದುವಾಗಿ ಕೇಳಿ, ಬರೆದುಕೊಳ್ಳಲು ಪೆನ್ನು ಎತ್ತಿದಳು.

ಅಮ್ಮ ಆ ಕಬ್ಬಿಣವನ್ನು ನೋಡಿದಳು. ಆಮೇಲೆ ತನ್ನನ್ನು ನೋಡುತ್ತಿದ್ದ ಮುಖಗಳನ್ನು ನೋಡಿದಳು. ಅವಳ ಮುಖದಲ್ಲಿದ್ದುದೆಲ್ಲ ಒಳಗೆ ಹೋಯಿತು. ನನ್ನ ಕಣ್ಣೆದುರೇ ಹೋಯಿತು.

"ಇಲ್ಲ. ಯಾರೋ ಏನೋ. ನಂಗೊತ್ತಿಲ್ಲ" ಎಂದಳು.

ಹೇಳಿ, ತಲೆ ತಗ್ಗಿಸಿ, ನೆಲ ನೋಡಿಕೊಂಡು ನಡೆಯತೊಡಗಿದಳು. ಹಳ್ಳದ ಪಕ್ಕದಿಂದ, ಮೂವರ ಕಾಲ ಬಳಿಯಿಂದ, ನಿಲ್ಲದೆ. ಎಂಬತ್ತೈದರ ಮುದುಕಿಯ ನಡಿಗೆಯಲ್ಲ ಅದು, ಪುಟ್ಟ ಪುಟ್ಟ ಹೆಜ್ಜೆ. ಬಲಗೈ ಸ್ವಲ್ಪ ಮೇಲೆದ್ದಿತ್ತು, ಯಾರೋ ಹಿಡಿದು ನಡೆಸುತ್ತಿರುವಂತೆ. ಬೇಕರಿಯ ದಿಕ್ಕಿಗೇ ಹೋಗುತ್ತಿದ್ದಳು.

ಅಧಿಕಾರಿ ಪೆನ್ನು ಕೆಳಗಿಳಿಸಿದಳು. ಐವಾರ್ಸ್ ನನ್ನ ಮುಖ ನೋಡಿದ.

ನನ್ನ ಮುಖದಲ್ಲಿ ಎಲ್ಲಾ ಕಾಣುತ್ತದೆ ಎಂದು ಅಮ್ಮ ಹೇಳಿದ್ದಳಲ್ಲ. ಕಾಣಲಿ ಎಂದುಕೊಂಡೆ. ಮುಂದೆ ಹೋಗಿ ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

"ನಮ್ಮಜ್ಜ ಇವರು" ಎಂದೆ. "ಆರ್ವೀದ್ಸ್. ಕಾಲು ಎಳೀತಿದ್ರು. ಈ ಸೊಟ್ಟ ಮೊಳೆ ಹೊಡೆದದ್ದು ನಮ್ಮಮ್ಮ. ನಾನು ಮೊಮ್ಮಗಳು, ರಸ್ಮಾ. ಬರ್ಕೊಳ್ಳಿ, ಎಲ್ಲಿ ಸಹಿ ಹಾಕ್ಬೇಕು ತೋರ್ಸಿ."

ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಎಂದೂ ಕಂಡಿರದ ಅಜ್ಜನಿಗಾಗಿ ಹಾಗೆ ಅಳು ಬರುತ್ತದೆಂದು ನಾನು ಎಣಿಸಿರಲಿಲ್ಲ. ತಡೆಯಲು ಹೋಗಲಿಲ್ಲ. ಚೌಕದ ನಡುವೆ ನಿಂತು, ಬಾಯಿ ತೆರೆದು, ಇಡೀ ಊರಿಗೆ ಕೇಳುವ ಹಾಗೆ ಅತ್ತೆ.

ಅಮ್ಮ ನಿಂತಳು. ತಿರುಗಿ ಬಂದಳು. ಗಾಬರಿಯಿಂದ ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

"ಸುಮ್ನಿರೇ. ಮೆಲ್ಲಗೆ. ನೋಡ್ತಾರೆ."

"ನೋಡ್ಲಿ ಅಮ್ಮ."

"ಬರ್ಕೊಳ್ತಾ ಇದ್ದಾರೆ ಕಣೇ ಅವರು."

"ಹೆಸರು ಬರ್ಕೊಳ್ತಾ ಇದ್ದಾರೆ ಅಮ್ಮ. ಅಜ್ಜನ ಹೆಸರು. ಬೇರೇನಿಲ್ಲ."

ಅಮ್ಮ ಅಧಿಕಾರಿಯ ಕೈಯನ್ನು ನೋಡಿದಳು. ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಯಾರೂ ಕದಲಲಿಲ್ಲ. ಬೇಕರಿಯವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಕ್ಲಾವಾ ಚಿಕ್ಕಮ್ಮ ಮಲಗಿದ ಸಿಪಾಯಿಯ ಹೆಗಲ ಮೇಲೆ ಕೈಯಿಟ್ಟು ಎದ್ದು ನಿಂತಿದ್ದಳು. ಅಮ್ಮ ಹಳ್ಳದ ಅಂಚಿಗೆ ಬಂದು, ತಲೆ ಎತ್ತಿ, ಮೊದಲ ಬಾರಿಗೆ ಕಾಲುಗಳನ್ನು ಬಿಟ್ಟು ಮುಖವಿದ್ದ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ರಸ್ಮಾ" ಎಂದಳು, ಸಣ್ಣ ದನಿಯಲ್ಲಿ. "ಈಗ ನಾನೂ ಅಳ್ಬಹುದಾ?"

ನಾನು ಅವಳ ಎತ್ತಿದ ಬಲಗೈಯನ್ನು ಹಿಡಿದುಕೊಂಡೆ.

"ಅಳು ಅಮ್ಮ" ಎಂದೆ.